ಬಿಲ ನೋಡಿ ಆರ್ಮಡಿಲೊ ಗುರುತಿಸುವುದು: ಬ್ರೆಜಿಲ್‌ನ ಸೆರಾಡೊದಲ್ಲಿ ಕೆಲಸ ಮಾಡುವವರಿಗೆ

ಸೆರಾಡೊದಲ್ಲಿ ಮೈಗೆ ಎಲುಬಿನ ಕವಚ ಹೊತ್ತು ಬಿಲ ತೋಡುವ ಆರ್ಮಡಿಲೊ ನೋಡಬೇಕೆಂದು ರಾತ್ರಿಯಿಡೀ ಟಾರ್ಚ್ ಹಿಡಿದು ತಿರುಗಿದರೆ ಬರಿಗೈಯಲ್ಲಿ ವಾಪಸಾಗುವುದೇ ಹೆಚ್ಚು. ಈ ಪ್ರಾಣಿಯ ಆಯುಸ್ಸಿನ ಬಹುಪಾಲು ನೆಲದೊಳಗೇ ಕಳೆಯುತ್ತದೆ. ಆದರೆ ಅದು ತೋಡಿದ ಬಿಲ, ಕೆದರಿದ ಗುಂಡಿ, ಒಡೆದ ಹುತ್ತ ಎಲ್ಲೂ ಓಡಿಹೋಗುವುದಿಲ್ಲ. ಅವನ್ನು ಸರಿಯಾಗಿ ಅಳೆದು ಬರೆದುಕೊಂಡರೆ ಯಾವ ಜಾತಿ ಬಂದಿತ್ತು, ಎಷ್ಟು ಹಿಂದೆ ಬಂದಿತ್ತು, ಈಗ ಒಳಗೆ ಯಾರು ವಾಸವಿದ್ದಾರೆ ಎಂಬುದನ್ನು ಬಹಳ ಮಟ್ಟಿಗೆ ಹೇಳಬಹುದು. ಹೇಳಲಾಗದ್ದು ಒಂದೇ: ಎಷ್ಟು ಪ್ರಾಣಿಗಳಿವೆ ಎಂಬುದು. ಹೊಸಬರು ಎಡವುವುದು ಅಲ್ಲೇ, ಅದನ್ನು ಮುಂದೆ ನೋಡೋಣ.

ಜಾಗ, ಕಾಲ

ಸೆರಾಡೊ ಎಂದರೆ ಬ್ರೆಜಿಲ್‌ನ ನಡುಭಾಗದ ಸವನ್ನಾ, ಸುಮಾರು 20 ಲಕ್ಷ ಚದರ ಕಿಲೋಮೀಟರ್. ಕರ್ನಾಟಕದಂಥ ಹತ್ತು ರಾಜ್ಯಗಳಷ್ಟು. ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಮರವೇ ಇಲ್ಲದ ಹುಲ್ಲುಬಯಲು, ಅಲ್ಲಲ್ಲಿ ಸೊಟ್ಟ ಮರಗಳ ಕುರುಚಲು, ಒತ್ತಾದ ಒಣಕಾಡು, ಬುರಿಟಿ ತಾಳೆಗಳು ಸಾಲಾಗಿ ನಿಂತ ಜವುಗು, ಹೊಳೆದಂಡೆಯ ಹಸಿರು ಕಾಡು, ಇವೆಲ್ಲ ಕೆಲವೇ ಕಿಲೋಮೀಟರ್‌ಗಳ ಒಳಗೆ ಬದಲಾಗುತ್ತ ಹೋಗುತ್ತವೆ. ಯಾವ ಬಿಲ ಯಾವ ಬಗೆಯ ನೆಲದಲ್ಲಿದೆ ಎಂದು ಬರೆಯದಿದ್ದರೆ ಅಳತೆಗೆ ಅರ್ಧ ಬೆಲೆಯೂ ಇಲ್ಲ. ಕೆಲಸಕ್ಕೆ ಒಳ್ಳೆಯ ಜಾಗಗಳು: ಗೊಯಾಸ್ ರಾಜ್ಯದ ಎಮಾಸ್ ರಾಷ್ಟ್ರೀಯ ಉದ್ಯಾನ, ಮಿನಾಸ್ ಜೆರೈಸ್‌ನ ಸೆರಾ ಡ ಕನಾಸ್ತ್ರ. ಎಮಾಸ್ ಸುಮಾರು 1.32 ಲಕ್ಷ ಹೆಕ್ಟೇರ್‌ನ ಬಯಲು, 2001ರಿಂದ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ.

ನಮ್ಮಲ್ಲಿ ಮುಂಗಾರು ಸುರಿಯುವ ತಿಂಗಳುಗಳೇ ಅಲ್ಲಿ ಒಣಗಾಲ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಇಲ್ಲವೆಂದೇ ಹೇಳಬೇಕು. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಮಳೆ. ಬಿಲ ಹುಡುಕಲು ಜೂನ್‌ನಿಂದ ಆಗಸ್ಟ್ ಒಳ್ಳೆಯದು, ಹುಲ್ಲು ಒಣಗಿ ಬಾಗಿ ನೆಲ ಕಾಣುತ್ತದೆ. ಹೆಜ್ಜೆ ಗುರುತಿಗೆ ಆ ಕಾಲ ಕೆಟ್ಟದ್ದು, ಕೆಂಪು ಮಣ್ಣು ಕಲ್ಲಾಗಿರುತ್ತದೆ. ಹೆಜ್ಜೆ ಬೇಕಿದ್ದರೆ ಮೊದಲ ಮಳೆಗಳಿಗೆ ಕಾಯಿರಿ, ಇಲ್ಲವೇ ಮರಳುದಾರಿಗಳಲ್ಲಿ ಬೆಳಗಿನ ಓರೆಬಿಸಿಲಿನಲ್ಲಿ ನಡೆಯಿರಿ. ನಡುಹಗಲ ಬಿಸಿಲಿನಲ್ಲಿ ನೆರಳಿಲ್ಲದ ಹೆಜ್ಜೆ ಕಣ್ಣಿಗೆ ಹತ್ತುವುದೇ ಇಲ್ಲ.

ಯಾರ ಬಿಲ?

ಮೊದಲು ಊರಿನ ಹೆಸರುಗಳನ್ನು ಕಲಿಯಿರಿ. ದನದ ಫಾರ್ಮುಗಳ ಕೆಲಸಗಾರರಿಗೆ ಯಾವ ಬಿಲ ಎಲ್ಲಿದೆ ಎಂದು ಗೊತ್ತಿರುತ್ತದೆ, ಲ್ಯಾಟಿನ್ ಹೆಸರು ಗೊತ್ತಿರುವುದಿಲ್ಲ. ಪೋರ್ಚುಗೀಸಿನಲ್ಲಿ ಆರ್ಮಡಿಲೊ ಎಂದರೆ ‘ತತು’.

ತತು-ಕನಾಸ್ತ್ರ, ಅಂದರೆ ದೈತ್ಯ ಆರ್ಮಡಿಲೊ: ಪ್ರಿಯೊಡಾಂಟಿಸ್ ಮ್ಯಾಕ್ಸಿಮಸ್. ತೂಕ 30ರಿಂದ 50 ಕಿಲೊ, ಬಾಲ ಸೇರಿದರೆ ಉದ್ದ ಒಂದೂವರೆ ಮೀಟರ್. ಮುಂಗಾಲಿನ ಮೂರನೆಯ ಉಗುರು 20 ಸೆಂ.ಮೀ. ತನಕ ಬೆಳೆಯುತ್ತದೆ. ಬಿಲದ ಬಾಯಿ ಅಡ್ಡಕ್ಕೆ ಅಗಲ: ಅಗಲ 40 ಸೆಂ.ಮೀ. ಮೇಲೆ, ಎತ್ತರ 30–35. ಮುಂದೆ ಬಿದ್ದ ಮಣ್ಣಿನ ಗುಡ್ಡೆಯ ಮೇಲೆ ಒಬ್ಬ ಮನುಷ್ಯ ಆರಾಮವಾಗಿ ಕೂರಬಹುದು. ಇಷ್ಟು ದೊಡ್ಡ ಬಿಲ ತೋಡುವ ಇನ್ನೊಂದು ಪ್ರಾಣಿ ಆ ಬಯಲಿನಲ್ಲಿ ಇಲ್ಲ, ಹಾಗಾಗಿ ಹೊಸ ಬಿಲವಾದರೆ ಗುರುತಿಸುವಲ್ಲಿ ಗೊಂದಲವೇ ಬರುವುದಿಲ್ಲ.

ತತು-ಪೆಬ, ಬೆನ್ನಿನ ಕವಚಕ್ಕೆ ಅಡ್ಡಲಾಗಿ ಆರು ಪಟ್ಟಿಯದು: ಯೂಫ್ರಾಕ್ಟಸ್ ಸೆಕ್ಸ್‌ಸಿಂಕ್ಟಸ್. 3ರಿಂದ 6 ಕಿಲೊ, ಹಳದಿ ಮಿಶ್ರಿತ ಕಂದು ಬಣ್ಣ, ಕವಚದ ಸಂದಿಯಿಂದ ಒರಟು ಕೂದಲು ಹೊರಚಾಚಿರುತ್ತದೆ. ಹಗಲಲ್ಲೂ ಓಡಾಡುತ್ತದೆ, ಬೇರು, ಹಣ್ಣು, ಹುಳು, ಸತ್ತ ದನ, ಏನು ಸಿಕ್ಕರೂ ತಿನ್ನುತ್ತದೆ. ಬಿಲ ಬಯಲಿನಲ್ಲಿ, ಬಾಯಿ ಅಗಲ ಎತ್ತರ ಎರಡೂ 20 ಸೆಂ.ಮೀ. ಆಸುಪಾಸು. ಹಳೆಯ ಬಿಲಕ್ಕೆ ಮತ್ತೆ ಮತ್ತೆ ಬರುವ ಅಭ್ಯಾಸ ಇದಕ್ಕಿದೆ.

ತತು-ಡಿ-ರಾಬೊ-ಮೋಲಿ, ಬಾಲಕ್ಕೆ ಕವಚವಿಲ್ಲದ ಕಬಾಸೂಸ್ ಗುಂಪು. ಚಿಕ್ಕ ಜಾತಿಯ ಬಿಲ ಸುಮಾರು 15 ಸೆಂ.ಮೀ., ಹೆಚ್ಚುಕಡಿಮೆ ಪೂರ್ತಿ ದುಂಡು. ಹುತ್ತದ ಬುಡದಲ್ಲಿ ಅಥವಾ ಹುತ್ತದೊಳಗೇ ನೇರ ಕೊರೆದಿರುತ್ತದೆ. ಒಮ್ಮೆ ಬಿಟ್ಟುಹೋದ ಬಿಲಕ್ಕೆ ಸಾಮಾನ್ಯವಾಗಿ ಮರಳುವುದಿಲ್ಲ. ಹಾಗಾಗಿ ಇದರ ಬಿಲಗಳು ಸಂಖ್ಯೆಯಲ್ಲಿ ತುಂಬ ಕಾಣುತ್ತವೆ, ಪ್ರಾಣಿ ಮಾತ್ರ ಎಲ್ಲೂ ಕಾಣುವುದಿಲ್ಲ.

ತತು-ಗಲಿಂಯ, ಒಂಬತ್ತು ಪಟ್ಟಿಯದು: ಡ್ಯಾಸಿಪಸ್ ನೊವೆಮ್‌ಸಿಂಕ್ಟಸ್. ಹೊಳೆದಂಡೆಯ ಕಾಡು, ತೇವದ ನೆಲ ಇದಕ್ಕಿಷ್ಟ. ಬಿಲ ಮರದ ಬೇರಿನಡಿ ಅಥವಾ ದಂಡೆಯ ಇಳಿಜಾರಿನಲ್ಲಿ, ಬಾಯಿ 20 ಸೆಂ.ಮೀ. ಹೆಚ್ಚುಕಡಿಮೆ. ಗೂಡಿಗೆಂದು ಒಣ ಎಲೆ, ಹುಲ್ಲನ್ನು ಎದೆಗವಚಿ ಹಿಂದಕ್ಕೆ ಜಗ್ಗಿಕೊಂಡು ಒಳಗೆ ಹೋಗುವುದರಿಂದ ಬಾಯಿಯಲ್ಲಿ ಎಲೆಯ ಚೂರುಗಳು ಉದುರಿರುತ್ತವೆ.

ಪೆಬ, ಗಲಿಂಯ, ದೊಡ್ಡ ಕಬಾಸೂಸ್ ಈ ಮೂರರ ಬಿಲದ ಅಳತೆ ಒಂದರ ಮೇಲೊಂದು ಬೀಳುತ್ತದೆ. ಟೇಪ್ 20 ಸೆಂ.ಮೀ. ತೋರಿಸಿತೆಂದು ಜಾತಿಯ ಹೆಸರು ಬರೆದುಬಿಡಬೇಡಿ. ನೆಲ ಯಾವುದು, ಹುತ್ತಕ್ಕೆ ಎಷ್ಟು ದೂರ, ಎಲೆ ಇದೆಯೇ, ಹೆಜ್ಜೆ ಇದೆಯೇ, ಇವುಗಳಲ್ಲಿ ಎರಡಾದರೂ ಹೊಂದಿದರೆ ಮಾತ್ರ ಹೆಸರು; ಇಲ್ಲವಾದರೆ ‘ಮಧ್ಯಮ ಗಾತ್ರ, ಜಾತಿ ಅನಿಶ್ಚಿತ’ ಎಂದು ಬರೆಯಿರಿ. ಈ ಸಾಲು ಹೆಚ್ಚಿರುವ ನೋಟ್‌ಬುಕ್ಕೇ ನಂಬಿಕೆಗೆ ಯೋಗ್ಯ.

ಇನ್ನು ಮೈ ಸುತ್ತಿ ಚೆಂಡಾಗುವ ಮೂರು ಪಟ್ಟಿಯ ತತು-ಬೋಲ, 2014ರ ಫುಟ್‌ಬಾಲ್ ವಿಶ್ವಕಪ್‌ನ ಮ್ಯಾಸ್ಕಾಟ್ ಆಗಿದ್ದದ್ದು. ಬ್ರೆಜಿಲ್ ಬಿಟ್ಟು ಬೇರೆಲ್ಲೂ ಇಲ್ಲದ ಜಾತಿ (ಟಾಲಿಪ್ಯೂಟಿಸ್ ಟ್ರೈಸಿಂಕ್ಟಸ್) ಈಶಾನ್ಯದ ಬಹಿಯಾ, ಪಿಯಾವೀ ರಾಜ್ಯಗಳ ಕಡೆಯ ಒಣ ಸೆರಾಡೊ ಮತ್ತು ಕಾಟಿಂಗ ಎಂಬ ಮುಳ್ಳುಕುರುಚಲಿನಲ್ಲಿದೆ. ಅದು ಆಳದ ಬಿಲ ತೋಡುವುದು ಅಪರೂಪ. ಪೊದೆಯಡಿ ತರಗೆಲೆ ಹೊದ್ದು ಮಲಗುತ್ತದೆ. ಈ ಕೈಪಿಡಿಯ ವಿಧಾನ ಅದಕ್ಕೆ ಒಗ್ಗುವುದಿಲ್ಲ.

ಫೋಟೊ ನೋಡಿ ಹಲವರು ನಮ್ಮ ಚಿಪ್ಪುಹಂದಿಯ ನೆಂಟನೆಂದುಕೊಳ್ಳುತ್ತಾರೆ. ಎರಡಕ್ಕೂ ನೆಂಟಸ್ತಿಕೆ ಇಲ್ಲ. ಚಿಪ್ಪುಹಂದಿಯ ಚಿಪ್ಪು ಉಗುರಿನ ಪದಾರ್ಥ. ಆರ್ಮಡಿಲೊದ ಕವಚದಡಿ ನಿಜವಾದ ಎಲುಬಿನ ಬಿಲ್ಲೆಗಳಿವೆ. ಕ್ಷೇತ್ರದಲ್ಲಿ ಇದರಿಂದ ಒಂದು ಉಪಯೋಗ ಉಂಟು: ಪ್ರಾಣಿ ಸತ್ತು ಕೊಳೆತ ಮೇಲೂ ಬಿಲ್ಲೆಗಳು ಉಳಿಯುತ್ತವೆ. ಸಿಕ್ಕರೆ ಅಳತೆಪಟ್ಟಿ ಪಕ್ಕದಲ್ಲಿಟ್ಟು ಫೋಟೊ ತೆಗೆದುಕೊಳ್ಳಿ.

ಅಳೆಯುವ ಕ್ರಮ

ಬೇಕಾದದ್ದು: ಸ್ಟೀಲ್ ಟೇಪ್, ಸೆಂ.ಮೀ. ಗುರುತು ಹಾಕಿದ ಒಂದು ಮೀಟರ್ ಕೋಲು, ದಿಕ್ಸೂಚಿ, ಜಿಪಿಎಸ್, ಹೆಡ್‌ಲ್ಯಾಂಪ್, ಪೆನ್ಸಿಲ್. ಪೆನ್ ಬೇಡ, ಬೆವರಿಗೆ ಶಾಯಿ ಕಲೆಸುತ್ತದೆ.

1. ಬಿಲಕ್ಕೆ ಎದುರಿನಿಂದ ಹೋಗಬೇಡಿ, ಪಕ್ಕದಿಂದ ಹೋಗಿ. ಎದುರಿನ ಮಣ್ಣುಗುಡ್ಡೆಯ ಮೇಲೇ ಹೆಜ್ಜೆ ಇರುವುದು. ನೀವೇ ತುಳಿದುಬಿಟ್ಟರೆ ಮುಗಿಯಿತು. ಮೊದಲು ಫೋಟೊ, ಆಮೇಲೆ ಅಳತೆ.

2. ಅಗಲ, ಎತ್ತರವನ್ನು ಬಾಯಂಚಿನಲ್ಲಿ ತೆಗೆಯದೆ 10–15 ಸೆಂ.ಮೀ. ಒಳಗೆ, ಕೋಲು ಚಾಚಿ ತೆಗೆಯಿರಿ. ಅಂಚು ಮಳೆಗೆ, ದನದ ಗೊರಸಿಗೆ ಕುಸಿದು ಅಗಲವಾಗಿರುತ್ತದೆ. ಅಂಚನ್ನು ಅಳೆದವರ ಪಟ್ಟಿಯಲ್ಲಿ ಪೆಬದ ಹಳೆಯ ಬಿಲಗಳೆಲ್ಲ ದೈತ್ಯನ ಕಡೆ ಜಾರುತ್ತವೆ.

3. ಬಾಯಿ ಯಾವ ದಿಕ್ಕಿಗೆ ತೆರೆದಿದೆ, ಬಿಲ ಎಷ್ಟು ಓರೆಯಾಗಿ ಇಳಿಯುತ್ತದೆ, ಹತ್ತಿರದ ಹುತ್ತ ಎಷ್ಟು ಮೀಟರ್, ಹುತ್ತ ಜೀವಂತವೋ ಸತ್ತದ್ದೋ ಬರೆಯಿರಿ. ಸೆರಾಡೊದಲ್ಲಿ ಹೆಚ್ಚಾಗಿ ಕಾಣುವ ಗಟ್ಟಿ ಹುತ್ತ ಕಾರ್ನಿಟರ್ಮಿಸ್ ಗೆದ್ದಲಿನದು. ಮೇಲ್ಮೈ ಸ್ವಲ್ಪ ಕೆರೆದಾಗ ಒಂದೆರಡು ನಿಮಿಷದಲ್ಲಿ ಸೈನಿಕ ಗೆದ್ದಲು ಹೊರಬಂದರೆ ಅದು ಜೀವಂತ.

4. ಗೋಡೆಯ ಮೇಲಿನ ಉಗುರು ಗೆರೆಗಳನ್ನು ಬೆಳಕು ಓರೆಯಾಗಿ ಬಿಟ್ಟು ನೋಡಿ. ದೈತ್ಯನ ಬಿಲದಲ್ಲಿ ಬೆರಳು ಕೂರುವಷ್ಟು ಅಗಲದ ಒಂಟಿ ಗೆರೆ ಆಳವಾಗಿ ಇರುತ್ತದೆ, ಉಳಿದವುಗಳಲ್ಲಿ ಸಣ್ಣ ಗೆರೆಗಳು ಜೊತೆಜೊತೆಯಾಗಿ.

ಊಟಕ್ಕೆ ಕೆದರಿದ ಗುಂಡಿಯನ್ನು ಬಿಲವೆಂದು ಲೆಕ್ಕ ಹಾಕಬಾರದು. ಗಲಿಂಯದ ಕೆದರುಗುಂಡಿ ಮೂತಿ ತೂರುವಷ್ಟು, ಒಂದು ಗೇಣಿಗಿಂತ ಆಳ ಹೋಗದು, ಕೆಳಗೆ ಚೂಪು. ಕಾಡುಹಂದಿಯಂಥ ಪೆಕರಿ ಉತ್ತ ನೆಲ ಅಗಲಕ್ಕೆ ಹರಡಿರುತ್ತದೆ. ದೈತ್ಯ ಇರುವೆಬಾಕ ಹುತ್ತಕ್ಕೆ ಸೀಳು ಹಾಕಿ ನಾಲಿಗೆ ಬಿಟ್ಟು ಹೋಗುತ್ತದೆ, ಒಳಗೆ ನುಗ್ಗುವುದಿಲ್ಲ.

ಹೆಜ್ಜೆಯ ಬಗ್ಗೆ ಎರಡು ಮಾತು. ಗಲಿಂಯದ ಮುಂಗಾಲಿಗೆ ನಾಲ್ಕು ಬೆರಳು, ನಡುವಿನ ಎರಡು ಉದ್ದ. ಹಿಂಗಾಲಿಗೆ ಐದು, ಆದರೆ ಗಟ್ಟಿ ನೆಲದಲ್ಲಿ ನಡುವಿನ ಮೂರು ಮಾತ್ರ ಮೂಡಿ ಹಕ್ಕಿಯ ಹೆಜ್ಜೆಯಂತೆ ಕಾಣುತ್ತವೆ. ಮರಳಾದರೆ ಎರಡು ಸಾಲಿನ ನಡುವೆ ಬಾಲ ಎಳೆದ ಗೆರೆ ಇರುತ್ತದೆ. ಒಂದೇ ಹೆಜ್ಜೆ ನೋಡಿ ತೀರ್ಮಾನ ಮಾಡದೆ ಸಾಲಾಗಿ ಐದಾರು ಹೆಜ್ಜೆಯಾದರೂ ಹಿಂಬಾಲಿಸಿ.

ಹೊಸತೋ ಹಳತೋ, ಒಳಗೆ ಯಾರು?

ಹೊಸ ಬಿಲದ ಮಣ್ಣು ಸುತ್ತಲಿನ ನೆಲಕ್ಕಿಂತ ಕಪ್ಪು, ಕೈಗೆ ತೇವ, ಹೆಂಟೆಗಳ ಅಂಚು ಚೂಪು. ಒಂದು ಮಳೆ ಬಿದ್ದರೆ ಮಣ್ಣುಗುಡ್ಡೆಯ ಮೇಲೆ ತೆಳು ಪದರ ಕಟ್ಟುತ್ತದೆ. ಪದರ ಒಡೆಯದೆ ಇದ್ದರೆ ಆ ಮಳೆಯಿಂದೀಚೆಗೆ ಯಾರೂ ದಾಟಿಲ್ಲ. ಬಾಯಿಗೆ ಅಡ್ಡ ಜೇಡರಬಲೆ, ತರಗೆಲೆ, ಚಿಗುರಿದ ಹುಲ್ಲು ಇದ್ದರೆ ಹಳತು. ಮಳೆಯ ದಿನಾಂಕ ಬರೆದಿಟ್ಟುಕೊಳ್ಳದವರಿಗೆ ಇದರಿಂದ ಪ್ರಯೋಜನವಿಲ್ಲ.

ಅನುಮಾನವಿದ್ದರೆ ಕಡ್ಡಿ ಪರೀಕ್ಷೆ ಮಾಡಿ. ಬಾಯಿಗೆ ಅಡ್ಡಲಾಗಿ ನಾಲ್ಕೈದು ಒಣ ಹುಲ್ಲುಕಡ್ಡಿಗಳನ್ನು 4 ಸೆಂ.ಮೀ. ಅಂತರದಲ್ಲಿ ನೆಟ್ಟಗೆ ಚುಚ್ಚಿ, ಸಂಜೆ ನೆಟ್ಟು ಬೆಳಿಗ್ಗೆ ನೋಡಿ. ಹೊರಕ್ಕೆ ಬಿದ್ದಿದ್ದರೆ ಒಳಗಿದ್ದದ್ದು ಹೋಗಿದೆ, ಒಳಕ್ಕೆ ಬಿದ್ದಿದ್ದರೆ ಯಾವುದೋ ಬಂದಿದೆ, ಎರಡೂ ಇದ್ದರೆ ಹೋಗಿ ಬಂದಿದೆ. ದಪ್ಪ ಕಡ್ಡಿ ಬೇಡ, ಪ್ರಾಣಿ ಬೆದರಿ ಬಿಲ ಬಿಡಬಹುದು. ಗಾಳಿ ಜೋರಿದ್ದ ರಾತ್ರಿಯ ಫಲಿತಾಂಶ ಕೈಬಿಡಿ.

ಹಳೆಯ ಬಿಲ ಖಾಲಿ ಬಿಲವಲ್ಲ. ಬಾಯಿಯ ಸುತ್ತ ಒಣ ಸಗಣಿ ಚೂರು ಹರಡಿ ಬಿಳಿ ಹಿಕ್ಕೆ ಬಿದ್ದಿದ್ದರೆ ಬಿಲವಾಸಿ ಗೂಬೆ ಸೇರಿಕೊಂಡಿದೆ; ಸಗಣಿ ಅದು ಹುಳು ಕರೆಯಲು ತಂದಿಟ್ಟ ಆಮಿಷ. ಕೂದಲು, ಮೂಳೆ ಚೂರು ಇದ್ದರೆ ನರಿ ಜಾತಿ. ದೈತ್ಯನ ಬಿಲಗಳಂತೂ ಛತ್ರವಿದ್ದಂತೆ: ಸೆರಾಡೊದ ಪಕ್ಕದ ಜವುಗುಸೀಮೆ ಪಾಂಟನಾಲ್‌ನಲ್ಲಿ ಕ್ಯಾಮೆರಾ ಇಟ್ಟು ನಡೆಸಿದ ಅಧ್ಯಯನದಲ್ಲಿ 24 ಬೆನ್ನೆಲುಬಿನ ಪ್ರಾಣಿಗಳು ಅವನ್ನು ಬಳಸಿದ್ದು ದಾಖಲಾಗಿದೆ. ಹೊರಗೆ ಸುಡುಬಿಸಿಲಿರಲಿ ಚಳಿಯಿರಲಿ, ಆಳದಲ್ಲಿ ಉಷ್ಣಾಂಶ 24 ಡಿಗ್ರಿ ಸುತ್ತಮುತ್ತ ನಿಲ್ಲುತ್ತದೆ. ಬಾಡಿಗೆದಾರರು ಬರುವುದು ಅದಕ್ಕೇ. ಹೊರಗಿನ ಮಣ್ಣುಗುಡ್ಡೆಗೂ ಗಿರಾಕಿಗಳಿದ್ದಾರೆ, ಪೆಕರಿಗಳು ಹೊರಳಲು ಬರುತ್ತವೆ.

ಬಿಲದ ಬಳಿ ಹಿಕ್ಕೆ ಸಿಕ್ಕರೆ ಬಿಡಬೇಡಿ. ಆರ್ಮಡಿಲೊ ಹಿಕ್ಕೆ ಮಣ್ಣಿನ ಉಂಡೆಯಂತೆ ಗಟ್ಟಿ, ಏಕೆಂದರೆ ಅರ್ಧಕ್ಕರ್ಧ ಮಣ್ಣೇ ಇರಬಹುದು. 0.5 ಮಿ.ಮೀ. ಜರಡಿಯಲ್ಲಿ ನೀರು ಬಿಟ್ಟು ತೊಳೆದು ಉಳಿದ ಗೆದ್ದಲಿನ, ಇರುವೆಯ ತಲೆಗಳನ್ನು ಎಣಿಸಿ. ಮೈ ಕರಗಿಹೋದರೂ ತಲೆ ಕರಗುವುದಿಲ್ಲ.

ಕ್ಯಾಮೆರಾ ಕಟ್ಟುವುದು

ಬಿಲದ ಬಾಯಿಂದ 2 ಮೀಟರ್ ದೂರ, ನೆಲದಿಂದ 30–40 ಸೆಂ.ಮೀ. ಎತ್ತರ, ಬಾಯಿಗೆ ಓರೆಯಾಗಿ. ನೇರ ಎದುರು ಕಟ್ಟಿದರೆ ದೈತ್ಯ ಒಂದೇ ರಾತ್ರಿಯಲ್ಲಿ ಎಸೆದ ಮಣ್ಣಿಗೆ ಲೆನ್ಸ್ ಮುಚ್ಚಿಹೋಗುತ್ತದೆ. ಮುಂದಿನ ಹುಲ್ಲನ್ನು ಕತ್ತರಿಸಿ, ಬೇರು ಕೀಳಬೇಡಿ; ಬಿಸಿಯಾದ ಹುಲ್ಲೆಸಳು ಅಲುಗಾಡಿದರೆ ಸಾವಿರಗಟ್ಟಲೆ ಖಾಲಿ ಚಿತ್ರಗಳು ತುಂಬುತ್ತವೆ.

ಭಾರತದಲ್ಲಿ ಕ್ಯಾಮೆರಾ ಕಟ್ಟಿ ಅಭ್ಯಾಸವಿರುವವರು ದಿಕ್ಕಿನಲ್ಲಿ ತಪ್ಪುತ್ತಾರೆ. ನಮ್ಮಲ್ಲಿ ವರ್ಷದ ಬಹುಪಾಲು ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಲೆನ್ಸನ್ನು ಉತ್ತರಕ್ಕೆ ತಿರುಗಿಸುತ್ತೇವೆ. ಸೆರಾಡೊ ಇರುವುದು ಭೂಮಧ್ಯರೇಖೆಯ ಕೆಳಗೆ. ಅಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆ, ಲೆನ್ಸ್ ದಕ್ಷಿಣಕ್ಕೆ ಇರಬೇಕು. ಪೂರ್ವ, ಪಶ್ಚಿಮ ಎಲ್ಲಿಯೂ ಬೇಡ.

ಇನ್ನೊಂದು ತೊಡಕು ಪ್ರಾಣಿಯದೇ. ಈ ಕ್ಯಾಮೆರಾಗಳು ಹಿನ್ನೆಲೆಗಿಂತ ಬೇರೆ ಬಿಸಿಯ ವಸ್ತು ಚಲಿಸಿದಾಗ ಎಚ್ಚರಗೊಳ್ಳುತ್ತವೆ. ಆರ್ಮಡಿಲೊದ ಮೈಬಿಸಿ ಸ್ತನಿಗಳಲ್ಲಿ ಕಡಿಮೆ, 33–35 ಡಿಗ್ರಿ; ಮೇಲೆ ಕವಚ ಬೇರೆ. ಸೆಪ್ಟೆಂಬರಿನ ಮಧ್ಯಾಹ್ನ ನೆಲದ ಬಿಸಿಯೂ ಅಷ್ಟೇ ಆದಾಗ ಪೆಬ ಮುಂದೆ ಹಾದುಹೋದರೂ ಚಿತ್ರ ಬರದು. ‘ಹಗಲಲ್ಲಿ ಚಟುವಟಿಕೆ ಇಲ್ಲ’ ಎಂದು ಬರೆಯುವ ಮುನ್ನ ಇದನ್ನು ನೆನೆಯಿರಿ. ಸೆನ್ಸರ್ ಅನ್ನು ಹೆಚ್ಚಿನ ಮಟ್ಟಕ್ಕೆ ಇಡಿ, ಮೂರು ಚಿತ್ರಗಳ ಸರಣಿ ಇಡಿ, ನೆರಳಿರುವ ಬಿಲ ಆರಿಸಿಕೊಳ್ಳಿ.

ದೈತ್ಯನಲ್ಲಿ ಒಂದೊಂದು ಪ್ರಾಣಿಯನ್ನೂ ಬೇರೆಬೇರೆ ಗುರುತಿಸಬಹುದು. ಕವಚದ ಕೆಳ ಅಂಚಿನಲ್ಲಿ ತಿಳಿ ಬಣ್ಣದ ಪಟ್ಟಿ ಇದೆ. ಅಲ್ಲಿ ಯಾವ ಬಿಲ್ಲೆ ಕಪ್ಪು, ಯಾವುದು ತಿಳಿ ಎಂಬ ಜೋಡಣೆ ಪ್ರಾಣಿಯಿಂದ ಪ್ರಾಣಿಗೆ ಬೇರೆ. ಎಡ ಬಲ ಒಂದೇ ಥರ ಇರುವುದಿಲ್ಲವಾದ್ದರಿಂದ ದಾರಿಯ ಎರಡೂ ಬದಿ ಕ್ಯಾಮೆರಾ ಬೇಕು, ಎದುರುಬದುರು ಫ್ಲ್ಯಾಶ್ ಬೀಳದಂತೆ ಒಂದಡಿ ಆಚೀಚೆ. ಬೇರೆ ಜಾತಿಗಳಲ್ಲಿ ಈ ಆಟ ನಡೆಯುವುದಿಲ್ಲ.

ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಹಾಕಿ, ಸಂದಿಗಳಿಗೆ ಟೇಪ್ ಸುತ್ತಿ. ಇರುವೆ ಗೂಡು ಕಟ್ಟಿ ಸರ್ಕಿಟ್ ಹಾಳಾಗುವುದು ಅಲ್ಲಿ ಮಾಮೂಲು. ದನವಿರುವ ಫಾರ್ಮಿನಲ್ಲಿ ಗೂಟಕ್ಕೆ ಕಟ್ಟಿದ ಕ್ಯಾಮೆರಾ ಉಳಿಯುವುದಿಲ್ಲ, ದನ ಮೈ ಉಜ್ಜಿ ಕೆಡವುತ್ತವೆ, ಮರವೇ ಬೇಕು.

ಎಣಿಕೆ ತಪ್ಪುವುದೆಲ್ಲಿ

1 ಕಿ.ಮೀ. ನೇರ ಸಾಲು, ಎರಡೂ ಬದಿ 5 ಮೀಟರ್ ನೋಡುತ್ತ ನಡೆದರೆ ಒಂದು ಹೆಕ್ಟೇರ್ ಆಗುತ್ತದೆ. ಇಬ್ಬರಿದ್ದರೆ ಒಳ್ಳೆಯದು, ಒಬ್ಬೊಬ್ಬರಿಗೆ ಒಂದು ಬದಿ. ಸಿಕ್ಕ ಪ್ರತಿ ಬಿಲಕ್ಕೂ ಸಾಲಿನಿಂದ ಲಂಬದೂರ ಅಳೆಯಿರಿ. ಬೆಂಕಿ ಬಿದ್ದ ಬಯಲಿನಲ್ಲಿ 5 ಮೀಟರಿನ ಬಿಲವೂ ಕಾಣುತ್ತದೆ, ಎದೆಯೆತ್ತರದ ಹುಲ್ಲಿನಲ್ಲಿ 2 ಮೀಟರಿನದೂ ತಪ್ಪುತ್ತದೆ. ಲಂಬದೂರ ಇಲ್ಲದಿದ್ದರೆ ಸುಟ್ಟ ಜಾಗದಲ್ಲೇ ಆರ್ಮಡಿಲೊ ಹೆಚ್ಚೆಂಬ ತಪ್ಪು ಉತ್ತರ ಬರುತ್ತದೆ.

ಬಿಲದ ಸಂಖ್ಯೆಯಿಂದ ಪ್ರಾಣಿಯ ಸಂಖ್ಯೆ ಹೇಳಲಾಗದು ಎಂದೆವಲ್ಲ, ಕಾರಣ ಇಷ್ಟು. ದೈತ್ಯ ಒಂದು ಬಿಲದಲ್ಲಿ ಸಾಮಾನ್ಯವಾಗಿ ಕೆಲವೇ ದಿನ ಇದ್ದು ಮತ್ತೊಂದು ತೋಡುತ್ತದೆ, ಒಂದೊಂದರ ಓಡಾಟದ ಹರವು ಸುಮಾರು 25 ಚದರ ಕಿ.ಮೀ. ಬಿಟ್ಟ ಬಿಲ ಜಿಗುಟು ಕೆಂಪು ಮಣ್ಣಿನಲ್ಲಿ ಬಹುಕಾಲ ನಿಲ್ಲುತ್ತದೆ, ಮರಳಿನಲ್ಲಿ ಬೇಗ ಕುಸಿಯುತ್ತದೆ. ಹೀಗಾಗಿ ಎರಡು ಜಾಗದ ಬಿಲ ಹೋಲಿಸಿದರೆ ಕೆಲವೊಮ್ಮೆ ಮಣ್ಣನ್ನು ಹೋಲಿಸಿದಂತಾಗುತ್ತದೆ, ಅಷ್ಟೇ. ಹೋಲಿಸಲೇಬೇಕಾದರೆ ಒಂದೇ ಬಗೆಯ ಮಣ್ಣಿನಲ್ಲಿ, ಹೊಸ ಬಿಲಗಳನ್ನು ಮಾತ್ರ ತೆಗೆದುಕೊಳ್ಳಿ.

ಕೂದಲು, ಹಿಕ್ಕೆಯ ಡಿಎನ್‌ಎಯಿಂದ ಎಣಿಸುತ್ತೇವೆ ಎನ್ನುವವರಿಗೂ ಗಲಿಂಯ ಒಂದು ಗುಂಡಿ ತೋಡಿಟ್ಟಿದೆ. ಅದು ಒಂದೇ ಅಂಡದಿಂದ ನಾಲ್ಕು ತದ್ರೂಪಿ ಮರಿ ಹಾಕುತ್ತದೆ. ನಾಲ್ಕು ಮರಿಗಳೂ ಪರೀಕ್ಷೆಯಲ್ಲಿ ಒಂದೇ ಪ್ರಾಣಿಯಾಗಿ ಕಾಣುತ್ತವೆ.

ಕಣ್ಣಾರೆ ನೋಡಬೇಕಿದ್ದರೆ

ಮೈಯಲ್ಲಿ ಕೊಬ್ಬು ಕಡಿಮೆ, ಒಳಬಿಸಿಯೂ ಕಡಿಮೆ. ಹಾಗಾಗಿ ಹವೆಗೆ ತಕ್ಕಂತೆ ಹೊತ್ತು ಬದಲಿಸುತ್ತವೆ. ಜೂನ್–ಜುಲೈನಲ್ಲಿ ದಕ್ಷಿಣದಿಂದ ಚಳಿಗಾಳಿ ನುಗ್ಗಿದ ದಿನ ಪೆಬ ನಡುಹಗಲಲ್ಲೇ ಹೊರಗಿರುತ್ತದೆ, ಬಿಸಿ ದಿನಗಳಲ್ಲಿ ಬೆಳಿಗ್ಗೆ, ಇಳಿಹೊತ್ತು. ದೈತ್ಯ ಕತ್ತಲಾದ ಮೇಲೆ ಮಾತ್ರ. ಇವಕ್ಕೆ ಕಣ್ಣು ಮಂಜು, ಮೂಗು ಚುರುಕು. ಗಾಳಿ ನಿಮ್ಮ ಮುಖಕ್ಕೆ ಬೀಸುವಂತೆ ನಿಂತು, ಪ್ರಾಣಿ ತಲೆ ಮಣ್ಣಿಗಿಟ್ಟಾಗ ನಡೆದು, ಎತ್ತಿದಾಗ ನಿಂತರೆ ಐದಾರು ಮೀಟರ್ ತನಕ ಹೋಗಬಹುದು. ಅಲ್ಲಿಗೆ ಸಾಕು. ಗಲಿಂಯ ಬೆಚ್ಚಿದರೆ ನೆಟ್ಟಗೆ ಮೇಲಕ್ಕೆ ನೆಗೆಯುತ್ತದೆ, ಬಾಗಿ ನೋಡುತ್ತಿದ್ದವರ ಗಲ್ಲಕ್ಕೆ ಬಡಿದೀತು. ಮರಿಯಿರುವ ದೈತ್ಯ ಹೆಣ್ಣು ಮಾತ್ರ ಒಂದೇ ಬಿಲದಲ್ಲಿ ವಾರಗಟ್ಟಲೆ ಉಳಿಯಬಹುದು. ಅಂಥ ಬಿಲ ಕ್ಯಾಮೆರಾದಲ್ಲಿ ಕಂಡರೆ ಅತ್ತ ಹೋಗುವುದನ್ನೇ ನಿಲ್ಲಿಸಿ. ಮೂರು ವರ್ಷಕ್ಕೊಂದರಂತೆ ಒಂದೇ ಮರಿ ಹಾಕುವ ಪ್ರಾಣಿ ಅದು.

ಮೈ ಜೋಪಾನ, ಕಾನೂನು

ಬಿಲಕ್ಕೆ ಕೈ ಹಾಕಬಾರದು, ಮುಖ ಒಡ್ಡಬಾರದು. ಒಳಗೆ ಬಾಲದ ಗಿಲಕಿ ಆಡಿಸುವ ವಿಷದ ಹಾವಿರಬಹುದು. ಮೊಣಕಾಲೆತ್ತರದ ಹಾವುಗವಚ ಕಟ್ಟಿಕೊಂಡೇ ನಡೆಯಿರಿ. ಧೂಳಿನಲ್ಲಿ ಕಾಕ್ಸಿಡಿಯಾಯ್ಡಿಸ್ ಶಿಲೀಂಧ್ರ ಇರಬಹುದು: ಪಿಯಾವೀ ಕಡೆ ಆರ್ಮಡಿಲೊ ಬಿಲ ಅಗೆದ ಬೇಟೆಗಾರರಿಗೆ ಶ್ವಾಸಕೋಶದ ಸೋಂಕು ತಗುಲಿದ ಪ್ರಕರಣಗಳಿವೆ. ಅಳೆಯುವಾಗ ಎನ್‌95 ಮಾಸ್ಕ್ ಹಾಕಿ. ಗಲಿಂಯ ಕುಷ್ಠದ ಬ್ಯಾಕ್ಟೀರಿಯಾ ಹೊತ್ತಿರಬಹುದು; 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರಾ ರಾಜ್ಯದ ಪಶ್ಚಿಮಭಾಗದಲ್ಲಿ ಪರೀಕ್ಷಿಸಿದ 16 ಪ್ರಾಣಿಗಳಲ್ಲಿ 10ರಲ್ಲಿ ಅದು ಸಿಕ್ಕಿತು. ಸತ್ತ ಪ್ರಾಣಿ, ಹಿಕ್ಕೆ ಮುಟ್ಟುವುದಾದರೆ ಕೈಗವಸು. ಮಾಂಸ ಕೊಟ್ಟರೆ ಬೇಡವೆನ್ನಿ. ಒಣಗಾಲದಲ್ಲಿ ಸಾಸಿವೆಗಿಂತ ಸಣ್ಣ ಉಣ್ಣೆಮರಿಗಳು ಗುಂಪುಗುಂಪಾಗಿ ಹತ್ತುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ತೂರಿಸಿ, ಹತ್ತಿದ್ದನ್ನು ಅಂಟುಟೇಪಿನಿಂದ ಎತ್ತಿ. ಉಜ್ಜಿದರೆ ಚರ್ಮಕ್ಕೆ ಕಚ್ಚಿಕೊಳ್ಳುತ್ತವೆ. ಆಮೇಲೆ ಜ್ವರ ಬಂದರೆ ಉಣ್ಣೆ ಕಚ್ಚಿದ್ದನ್ನು ವೈದ್ಯರಿಗೆ ಹೇಳಲೇಬೇಕು.

ಬ್ರೆಜಿಲ್‌ನಲ್ಲಿ 1967ರ ಪ್ರಾಣಿಸಂರಕ್ಷಣಾ ಕಾನೂನು, 1998ರ ಪರಿಸರ ಅಪರಾಧ ಕಾನೂನು ಎರಡೂ ಕಾಡುಪ್ರಾಣಿ ಹಿಡಿಯುವುದನ್ನು, ಬಿಲ ಹಾಳುಮಾಡುವುದನ್ನು ಅಪರಾಧವೆನ್ನುತ್ತವೆ. ಸಂರಕ್ಷಿತ ಪ್ರದೇಶದಲ್ಲಿ ಸಂಶೋಧನೆಗೆ, ಹಿಕ್ಕೆಯ ಮಾದರಿ ತೆಗೆಯುವುದಕ್ಕೆ ಸರ್ಕಾರದ ಜೀವವೈವಿಧ್ಯ ಸಂರಕ್ಷಣಾ ಸಂಸ್ಥೆಯಾದ ಐಸಿಎಂಬಿಯೊದ ಸಿಸ್‌ಬಿಯೊ ವ್ಯವಸ್ಥೆಯಲ್ಲಿ ಅನುಮತಿ ಪಡೆಯಬೇಕು. ಖಾಸಗಿ ಫಾರ್ಮಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಇಟ್ಟುಕೊಳ್ಳಿ. ಜೇನು ಸಾಕುವವರ ಜಮೀನಾದರೆ ದೈತ್ಯನ ಬಗ್ಗೆ ದೂರು ಕೇಳಬೇಕಾಗುತ್ತದೆ. ಪೆಟ್ಟಿಗೆ ಉರುಳಿಸಿ ಜೇನುಮರಿ ತಿನ್ನುವುದು ನಿಜ. ಒಂದು ಮೀಟರಿಗಿಂತ ಎತ್ತರದ, ನೆಲಕ್ಕೆ ಭದ್ರವಾಗಿ ಹೂತ ಸ್ಟ್ಯಾಂಡ್ ಮೇಲೆ ಪೆಟ್ಟಿಗೆ ಇಟ್ಟರೆ ನಷ್ಟ ಬಹಳ ತಗ್ಗುತ್ತದೆ ಎಂದು ತಿಳಿಸಿ.

ರಸ್ತೆ ಬದಿ

ಹೋಗುವ ಬರುವ ದಾರಿಯಲ್ಲಿ ಸತ್ತ ಆರ್ಮಡಿಲೊ ಸಿಗುತ್ತಲೇ ಇರುತ್ತವೆ, ಅದರಲ್ಲೂ ಪೆಬ. ಸತ್ತ ಪ್ರಾಣಿ ತಿನ್ನಲು ರಸ್ತೆಗೆ ಬಂದು ತಾನೂ ಗಾಡಿಗೆ ಸಿಗುತ್ತದೆ. ಆದ್ದರಿಂದ ರಸ್ತೆಯ ಎಣಿಕೆಯಲ್ಲಿ ಪೆಬ ಹೆಚ್ಚಿದೆಯೆಂದು ಆ ಸೀಮೆಯಲ್ಲೂ ಅದೇ ಹೆಚ್ಚೆನ್ನಬೇಡಿ. ಗಾಡಿ ಪೂರ್ತಿ ಬದಿಗೆ ಹಾಕಿ, ಕಿಲೋಮೀಟರ್ ಕಲ್ಲು, ಜಿಪಿಎಸ್, ಎರಡೂ ಬದಿಯ ಬಯಲಿನ ಬಗೆ, ಪಟ್ಟಿಗಳ ಸಂಖ್ಯೆ, ಬಾಲಕ್ಕೆ ಕವಚ ಇದೆಯೋ ಇಲ್ಲವೋ, ಗಂಡೋ ಹೆಣ್ಣೋ, ಹೆಣ್ಣಾದರೆ ಮೊಲೆ ಉಬ್ಬಿದೆಯೇ ಎಂದು ಬರೆದುಕೊಳ್ಳಿ. ಪಟ್ಟಿ ಎಣಿಸುವಾಗ ಬೆನ್ನ ನಡುವೆ ಎಣಿಸಿ, ಅಂಚಿನಲ್ಲಲ್ಲ. ಹೆಸರು ಒಂಬತ್ತು ಪಟ್ಟಿ ಎಂದಿದ್ದರೂ 8ರಿಂದ 11 ಇರುತ್ತವೆ, ಆರು ಪಟ್ಟಿಯದರಲ್ಲಿ 6ರಿಂದ 8.